ಚಾರ್ಜ್ ಹತ್ತಿಲ್ಲ, ಏರುತ್ತಿಲ್ಲ, ನಿಲ್ಲುತ್ತಿಲ್ಲ: ನಿಮ್ಮ ಕಡೆ ಏನಂತೀರಿ?

ಗೆಳೆಯರೇ,

ಫೋನಿನ ಚಾರ್ಜಿನ ಬಗ್ಗೆ ಒಂದು ಪ್ರಶ್ನೆ ಇದೆ. ‘ಚಾರ್ಜ್’ ಅನ್ನುವ ಪದ ಹೇಗೂ ನಮ್ಮದೇ ಆಗಿಹೋಗಿದೆ, ಅದಕ್ಕೆ ಬದಲಿ ಪದ ಹುಡುಕುವ ಆಸೆ ನನಗಿಲ್ಲ. ನಾನು ಕೇಳುತ್ತಿರುವುದು ಅದರ ಹಿಂದೆ ಬರುವ ಕ್ರಿಯಾಪದಗಳ ಬಗ್ಗೆ.

ನಾನು ಮೈಸೂರಿನ ಕಡೆಯವಳು. ನಮ್ಮಲ್ಲಿ ಫೋನನ್ನು ಚಾರ್ಜಿಗೆ ‘ಹಾಕುತ್ತೇವೆ’. ನಮ್ಮ ಅತ್ತೆ ಧಾರವಾಡದವರು, ಅವರು ‘ಹಚ್ಚು’ ಅನ್ನುತ್ತಾರೆ. ಫ್ಯಾನ್ ಹಚ್ಚು, ಟಿವಿ ಹಚ್ಚು, ಮಗನಿಗೆ ಫೋನ್ ಹಚ್ಚು. ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿ ಒಂದು ಗಳಿಗೆ ಸುಮ್ನೆ ನಿಂತುಬಿಟ್ಟಿದ್ದೆ. ನಾನು ಅಲ್ಲಿಯವರೆಗೆ ಹಚ್ಚಿದ್ದು ದೀಪ, ಎಣ್ಣೆ, ಬಣ್ಣ ಅಷ್ಟೇ.

ಹೋದ ತಿಂಗಳು ಒಂದು ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ 6 ಪರ್ಸೆಂಟ್. ವೈರು ಫೋನಿಗೆ ಸಿಕ್ಕಿಸಿದೆ, ಚಾರ್ಜರ್ ಗೋಡೆಯ ಸಾಕೆಟ್ಟಿನಲ್ಲಿದೆ, ಪಕ್ಕದ ಸ್ವಿಚ್ ಮಾತ್ರ ಒತ್ತಿಲ್ಲ. “ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದೆನಲ್ಲ” ಅಂದೆ. ಅತ್ತೆ ಸ್ವಿಚ್ ನೋಡಿ ಹೇಳಿದರು: “ಹಚ್ಚೀದಿ ಖರೆ, ಹತ್ತಿಲ್ಲ ನೋಡು.”

ಆ ಮಾತು ಅವತ್ತಿನಿಂದ ನನ್ನ ತಲೆಯಲ್ಲೇ ಕೂತಿದೆ. ಹಚ್ಚುವುದು ನಮ್ಮ ಕೆಲಸ, ಹತ್ತುವುದು ಅದರ ಕೆಲಸ. ಒಲೆ ಹಚ್ಚುತ್ತೇವೆ, ಒಲೆ ಹತ್ತುತ್ತದೆ. ಸೌದೆ ಹಸಿಯಾಗಿದ್ದರೆ ಎಷ್ಟು ಹಚ್ಚಿದರೂ ಹತ್ತುವುದಿಲ್ಲ. ಅವರ ಕಡೆ ಫೋನ್ ಹಚ್ಚಿದಾಗ ಲೈನ್ ಸಿಗದಿದ್ದರೂ ‘ಹತ್ತವಲ್ದು’ ಅನ್ನುತ್ತಾರೆ. ನಮ್ಮ ‘ಹಾಕು’ವಿಗೆ ಇಂಥ ಜೊತೆಗಾರ ಇಲ್ಲ. ಹಾಕಿದ ಮೇಲೆ ಆಯಿತೋ ಇಲ್ಲವೋ ಅಂತ ಹೇಳಬೇಕಾದರೆ ‘ಆನ್ ಆಯ್ತಾ’, ‘ಕನೆಕ್ಟ್ ಆಯ್ತಾ’ ಅಂತ ಇಂಗ್ಲಿಷಿನ ಕೈ ಹಿಡಿಯುತ್ತೇವೆ. ಫೋನಿನ ಕನ್ನಡ ಸೆಟಿಂಗ್ಸ್ ತೆರೆದರೆ ‘ಸಕ್ರಿಯಗೊಳಿಸಿ’ ಅನ್ನುತ್ತದೆ. ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುವುದನ್ನು ನೀವು ಕೇಳಿದ್ದೀರಾ?

ಈಗ ಮೊದಲ ಪ್ರಶ್ನೆ. ‘ಹತ್ತು’ ಹಳಗನ್ನಡದ ‘ಪತ್ತು’. ಅಂಟಿಕೊಳ್ಳು, ಸೇರು, ಉರಿ ಹಿಡಿ, ಮೇಲೇರು, ಎಲ್ಲಾ ಅರ್ಥವೂ ಅದಕ್ಕಿದೆ. ಮರಾಠಿಯಲ್ಲೂ ಹೀಗೇ ಒಂದು ಜೋಡಿ ಇದೆ: ಲಾವಣೆ, ಲಾಗಣೆ. ಅಲ್ಲಿ ದೀಪಕ್ಕೂ ‘ಲಾವಣೆ’, ಫೋನಿಗೂ ‘ಲಾವಣೆ’. ಲೈನ್ ಸಿಗದಿದ್ದರೆ ‘ಫೋನ್ ಲಾಗತ್ ನಾಹೀ’. ಹಾಗಾದರೆ ‘ಫೋನ್ ಹಚ್ಚು’ ಮರಾಠಿಯನ್ನು ನೋಡಿ ಹುಟ್ಟಿದ್ದೋ, ತಾನಾಗಿಯೇ ಬೆಳೆದದ್ದೋ? ತಾನಾಗಿಯೇ ಬೆಳೆದದ್ದು ಅಂತ ನನಗೆ ಅನ್ನಿಸುತ್ತದೆ. ಉರಿ ಹಿಡಿಸುವುದು, ಒಂದಕ್ಕೊಂದು ಸೇರಿಸುವುದು, ಎರಡೂ ಆ ಪದದಲ್ಲಿ ಮೊದಲೇ ಇದ್ದವು. ವೈರು ಬಂದ ಮೇಲೆ ಅದು ವೈರಿಗೂ ಒದಗಿತು. ಗಡಿ ಭಾಗದವರು, ಮರಾಠಿ ಚೆನ್ನಾಗಿ ಬಲ್ಲವರು ಹೇಳಬೇಕು.

ಇನ್ನೊಂದು ವಿಷಯ ಗೊತ್ತಾದದ್ದು ಮೊಬೈಲ್ ರಿಪೇರಿ ಅಂಗಡಿಯಲ್ಲಿ. “ಚಾರ್ಜ್ ಆಗ್ತಿಲ್ಲ” ಅಂದೆ. ಅಂಗಡಿಯ ಹುಡುಗ ಫೋನ್ ಮುಟ್ಟುವ ಮೊದಲೇ ಕೇಳಿದ: “ತಗೋತಿಲ್ವಾ, ಏರ್ತಿಲ್ವಾ, ನಿಲ್ತಿಲ್ವಾ?” ನಾನು ಒಂದೇ ಅಂದುಕೊಂಡಿದ್ದು ಅವನಿಗೆ ಮೂರು ಬೇರೆ ಬೇರೆ ರಿಪೇರಿ.

‘ತಗೋತಿಲ್ಲ’ ಅಂದರೆ ಕರೆಂಟು ಒಳಗೆ ಹೋಗುತ್ತಲೇ ಇಲ್ಲ. ಅತ್ತೆಯ ‘ಹತ್ತಿಲ್ಲ’ ಇದೇ. ವೈರು ಒಳಗೇ ಕಿತ್ತಿರಬಹುದು, ಚಾರ್ಜರ್ ಕೆಟ್ಟಿರಬಹುದು. ಆದರೆ ನನ್ನ ಫೋನಿನಲ್ಲಿ ಆಗಿದ್ದೇ ಬೇರೆ. ಅವನು ಫೋನ್ ಆಫ್ ಮಾಡಿ, ಪಿನ್ ಸಿಕ್ಕಿಸುವ ತೂತಿನೊಳಗೆ ಹಲ್ಲುಕಡ್ಡಿ ಇಟ್ಟು ಮೆಲ್ಲಗೆ ಕೆರೆದ. ಹತ್ತಿಯ ಬತ್ತಿಯಷ್ಟು ಕಸ ಹೊರಗೆ ಬಂತು, ಒತ್ತಿ ಒತ್ತಿ ಗಟ್ಟಿಯಾಗಿದ್ದ ಬಟ್ಟೆಯ ಜುಂಜು. ಬ್ಯಾಗಿನಲ್ಲಿ, ಜೇಬಿನಲ್ಲಿ ಇಡುವ ಫೋನಿಗೆಲ್ಲ ಇದು ತುಂಬುತ್ತದೆಯಂತೆ. ಮರದ ಕಡ್ಡಿಯೇ ಬೇಕು, ಸೂಜಿ ಅಥವಾ ಪಿನ್ನು ಹಾಕಿದರೆ ಒಳಗಿನ ತಾಮ್ರದ ನಾಲಿಗೆಗಳು ಹಾಳಾಗುತ್ತವೆ. ಆಮೇಲೆ ವೈರು ಟಕ್ಕಂತ ಕೂತಿತು, ಮಿಂಚಿನ ಗುರುತು ಬಂತು. ಈಗ ಆ ಗುರುತು ನೋಡದೆ ನಾನು ಮಲಗುವುದಿಲ್ಲ.

‘ಏರ್ತಿಲ್ಲ’ ಅಂದರೆ ಹತ್ತಿದೆ, ಆದರೆ ನಿಧಾನ. ಜಾಸ್ತಿ ಸಲ ಇದು ಫೋನಿನ ತಪ್ಪಲ್ಲ. ಹಳೆಯ 5 ವಾಟಿನ ಚಾರ್ಜರಿಗೆ ಇವತ್ತಿನ 5000 ಎಂಎಎಚ್ ಬ್ಯಾಟರಿ ಸಿಕ್ಕಿಸಿದರೆ ತುಂಬಲು ನಾಲ್ಕು ಗಂಟೆ ಮೀರುತ್ತದೆ. ಇನ್ನು 80 ದಾಟಿದ ಮೇಲೆ ಫೋನು ತಾನೇ ವೇಗ ತಗ್ಗಿಸುತ್ತದೆ. ಚೊಂಬು ತುಂಬುತ್ತಾ ಬಂದಾಗ ನಾವು ನಲ್ಲಿ ಸಣ್ಣ ಮಾಡುವುದಿಲ್ವಾ, ಹಾಗೆ.

‘ನಿಲ್ತಿಲ್ಲ’ ಅಂದರೆ ಬ್ಯಾಟರಿಗೆ ವಯಸ್ಸಾಗಿದೆ. ನೂರಕ್ಕೆ ನೂರು ತೋರಿಸುತ್ತದೆ, ಮಧ್ಯಾಹ್ನಕ್ಕೆ ಖಾಲಿ. ಕೆಲವೊಮ್ಮೆ 30ರಲ್ಲಿದ್ದದ್ದು ಹಠಾತ್ತಾಗಿ ಆರಿಹೋಗುತ್ತದೆ. ನಮ್ಮಪ್ಪ ಈಗಲೂ “ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕು” ಅನ್ನುತ್ತಾರೆ. ಅದು ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯ ಕಾಲದ ಬುದ್ಧಿಮಾತು. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಯೇ ಈಗ ಎಲ್ಲರ ಫೋನಿನಲ್ಲೂ ಇರುವುದು. ಇದಕ್ಕೆ ಪೂರ್ತಿ ಬರಿದಾಗುವುದೂ ಆಗದು, ಬಿಸಿಯಂತೂ ಆಗಲೇ ಆಗದು. ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ. ಬ್ಯಾಟರಿ ‘ಉಬ್ಬಿದೆ’ ಅನ್ನಿಸಿದರೆ, ಹಿಂದಿನ ಮುಚ್ಚಳ ಮೇಲೆದ್ದಿದ್ದರೆ, ಚಾರ್ಜಿಗೆ ಹಾಕಲೇಬೇಡಿ. ಒತ್ತಿ ಕೂರಿಸಲೂ ಹೋಗಬೇಡಿ. ಸೀದಾ ಅಂಗಡಿಗೆ ಒಯ್ಯಿರಿ.

ಆ ಹುಡುಗ ಯಾವ ನಿಘಂಟನ್ನೂ ನೋಡಿ ಈ ಪದಗಳನ್ನು ಕಲಿತಿರಲಿಲ್ಲ. ಹಸು ಮೇವು ತಗೋತಿಲ್ಲ, ಬಾವಿಯಲ್ಲಿ ನೀರು ಏರ್ತಿಲ್ಲ, ಬಿಂದಿಗೆಯಲ್ಲಿ ನೀರು ನಿಲ್ತಿಲ್ಲ. ಇದೇ ಮಾತುಗಳು ಫೋನಿಗೆ ಬಂದಿವೆ, ಒಂದೊಂದೂ ಒಂದೊಂದು ಕಡೆ ಬೆರಳು ತೋರಿಸುತ್ತದೆ. ಫೋನಿನ ಜೊತೆ ಬರುವ ಕನ್ನಡ ಕೈಪಿಡಿಯಲ್ಲಿ ‘ಚಾರ್ಜ್ ಮಾಡಲು ಸಾಧ್ಯವಾಗದಿದ್ದಲ್ಲಿ’ ಅಂತ ಮೂರಕ್ಕೂ ಒಂದೇ ವಾಕ್ಯ ಬರೆಯುವ ಬದಲು ಈ ಮೂರನ್ನೇ ಬಳಸಬಾರದಾ? ಅನುವಾದದ ಕೆಲಸ ಮಾಡುವವರು ಇಲ್ಲಿದ್ದರೆ ದಯವಿಟ್ಟು ಹೇಳಿ.

ಎರಡನೆಯ ಪ್ರಶ್ನೆ ಎಲ್ಲರಿಗೂ. ಮಂಗಳೂರು, ಶಿವಮೊಗ್ಗ, ಕೋಲಾರ, ಬೀದರಿನ ಕಡೆ ಈ ಮೂರಕ್ಕೆ ಏನಂತೀರಿ? ಜೊತೆಗೆ ನಾಲ್ಕನೆಯ ಒಂದು ತೊಂದರೆಯೂ ಇದೆ. ವೈರನ್ನು ಒಂದು ಕಡೆಗೆ ಬಾಗಿಸಿ ಹಿಡಿದರೆ ಚಾರ್ಜ್ ಬರುತ್ತದೆ, ಕೈಬಿಟ್ಟರೆ ಹೋಗುತ್ತದೆ. ನಾವು ‘ಬಿಟ್ಟು ಬಿಟ್ಟು ಬರ್ತದೆ’ ಅನ್ನುತ್ತೇವೆ. ಅತ್ತೆಯನ್ನು ಕೇಳಿದೆ, ಅವರು ಸ್ವಲ್ಪ ಯೋಚಿಸಿ “ಅದಕ್ಕ ಏನೂ ಅನ್ನಂಗಿಲ್ಲವಾ, ವೈರ್ ಬದಲಿ ಮಾಡ್ತೀವಿ” ಅಂದರು. ನಿಮ್ಮಲ್ಲಿ ಇದಕ್ಕೊಂದೇ ಪದ ಇದೆಯಾ?