“ಯಾರಿಗೂ ಹೇಳ್ಬೇಡಿ ಮೇಡಂ” ಎಂದು ಶುರುವಾಗುವ ಮಾತು: ಮೆಂಟರ್ ಏನು ಮಾಡಬೇಕು, ಏನು ಬರೆದಿಡಬೇಕು?

ಉಳ್ಳಾಲ ಸೇತುವೆ (ಪ್ರಶ್ನೆ; ಇದೂ ಮುಂದಿನ ಶೀರ್ಷಿಕೆಗಳೂ ಬರೆದವರ ಅಡ್ಡಹೆಸರುಗಳು)

ಮಂಗಳೂರಿನ ಒಂದು ಪದವಿ ಕಾಲೇಜಿನ ಮೆಂಟರ್‌ಗಳಿಗೆ (ವಿದ್ಯಾರ್ಥಿಗಳ ಯೋಗಕ್ಷೇಮ ನೋಡಿಕೊಳ್ಳುವ ಅಧ್ಯಾಪಕರಿಗೆ) ಎರಡು ಪುಟದ ಸೂಚನೆ ತಯಾರಾಗಬೇಕು. ಲೈಂಗಿಕ ಕಿರುಕುಳದ ವಿಷಯ ಮೊದಲು ಬರುವುದು ಮೆಂಟರ್ ಹತ್ತಿರ, ಇಲ್ಲವೇ ಹಾಸ್ಟೆಲ್ ವಾರ್ಡನ್ ಹತ್ತಿರ. ಇಂಥ ದೂರು ವಿಚಾರಿಸುವ ಕಾಲೇಜಿನ ಆಂತರಿಕ ಸಮಿತಿಯವರೆಗೆ ಹೋಗುವುದು ಆಮೇಲಿನ ಮಾತು. ಗುಟ್ಟಾಗಿ ಇಡುತ್ತೇವೆ ಎಂದು ಎಷ್ಟರ ಮಟ್ಟಿಗೆ ಮಾತು ಕೊಡಬಹುದು? ಬರೆದಿಡಬೇಕಾ, ಬೇಡವಾ? ವಿಭಾಗದ ಮುಖ್ಯಸ್ಥರಿಗೆ (ಎಚ್‌ಒಡಿ) ಹೇಳಲೇಬೇಕಾ? ಅದೇ ಕ್ಯಾಂಪಸ್ಸಿನಲ್ಲಿ ಪಿಯು ಕಾಲೇಜೂ ಉಂಟು, ಅದಕ್ಕೆ ಬೇರೆ ನಿಯಮವಾ? ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪುಸ್ತಕ ಕೈಯಲ್ಲಿದೆ, ಅದರಲ್ಲಿ ಸಿಗದ್ದು ಬೇಕು.

ಕದ್ರಿ ಗುಡ್ಡೆ

“ಯಾರಿಗೂ ಹೇಳುವುದಿಲ್ಲ” ಎಂಬ ಮಾತು ಮಾತ್ರ ಕೊಡಬೇಡಿ. ಸೂಚನೆಯ ಮೊದಲ ಸಾಲೇ ಇದಾಗಿರಲಿ. ಮರುದಿನ ಆ ಮಾತು ಮುರಿಯಬೇಕಾಗಿ ಬಂದರೆ ಹುಡುಗಿ ಇನ್ನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಹೀಗೆ ಹೇಳಬಹುದು: “ನಿನ್ನನ್ನು ಕೇಳದೆ ಸ್ಟಾಫ್ ರೂಮಿನಲ್ಲಿ, ಮನೆಯವರ ಹತ್ತಿರ ಈ ಮಾತು ಎತ್ತುವುದಿಲ್ಲ. ಆದರೆ ಜೀವಕ್ಕೆ ಅಪಾಯ ಉಂಟು ಅನ್ನಿಸಿದರೆ ಅಥವಾ ತೊಂದರೆಯಾದವರಿಗೆ 18 ತುಂಬಿಲ್ಲದಿದ್ದರೆ ನಾನು ಸುಮ್ಮನಿರುವ ಹಾಗಿಲ್ಲ.” ಅವಳು ಎಲ್ಲ ಹೇಳಿ ಮುಗಿಸಿದ ಮೇಲೆ ಇದನ್ನು ತಿಳಿಸಿದರೆ ಮೋಸ ಮಾಡಿದ ಹಾಗೆ. ಮೊದಲೇ ತಿಳಿಸಬೇಕು.

ಆಮೇಲೆ ಕೇಳುವುದು ಮೂರೇ: ಈಗ ಸುರಕ್ಷಿತವಾಗಿದ್ದೀಯಾ, ಇವತ್ತು ರಾತ್ರಿ ಎಲ್ಲಿರುತ್ತೀ, ನಾಳೆ ಆ ವ್ಯಕ್ತಿಯ ಕ್ಲಾಸೋ ಲ್ಯಾಬೋ ಉಂಟಾ. “ಅಲ್ಲಿಗೆ ಯಾಕೆ ಹೋದದ್ದು”, “ಇಷ್ಟು ದಿನ ಯಾಕೆ ಹೇಳಲಿಲ್ಲ” ಎಂದು ಕೇಳುವುದು ಮೆಂಟರ್ ಕೆಲಸವಲ್ಲ. ಮನಸ್ಸಿಗೆ ನೋವು ಎನ್ನುವುದು ಒಂದು ಕಾರಣ. ಇನ್ನೊಂದನ್ನು ಹೆಚ್ಚಿನವರು ಮರೆಯುತ್ತಾರೆ: ಮೆಂಟರ್, ವಾರ್ಡನ್, ಎಚ್‌ಒಡಿ ಹೀಗೆ ನಾಲ್ಕು ಕಡೆ ಹೇಳಿಸಿದರೆ ನಾಲ್ಕು ಹೇಳಿಕೆಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಬಂದೇ ಬರುತ್ತದೆ, ವಿಚಾರಣೆಯಲ್ಲಿ ಎದುರಿನವರು ಹಿಡಿಯುವುದು ಅದನ್ನೇ.

ಟಿಪ್ಪಣಿ ಬರೆಯಬೇಕು, ಅದೇ ದಿನ, ಅರ್ಧ ಪುಟ ಸಾಕು. ದಿನಾಂಕ, ಗಂಟೆ, ಜಾಗ, ಅವಳು ಬಳಸಿದ ಮಾತುಗಳು, ನೀವು ಕೊಟ್ಟ ಮಾಹಿತಿ, ಅವಳಿಗೆ ಏನು ಬೇಕು. ತುಳು, ಬ್ಯಾರಿ, ಕೊಂಕಣಿಯಲ್ಲಿ ಹೇಳಿದ್ದನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು ಪಕ್ಕದಲ್ಲಿ ಅರ್ಥ ಕೊಡಿ. ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ “ಅಸಭ್ಯವಾಗಿ ವರ್ತಿಸಿದರು” ಎಂದು ಬರೆದರೆ ನಡೆದದ್ದೇನು ಎಂಬುದೇ ಕಾಗದದಿಂದ ಮಾಯವಾಗುತ್ತದೆ. ಅಳುತ್ತಿದ್ದಳು ಎಂದು ಬರೆಯಬಹುದು, ಕಂಡದ್ದು ಅದು. “ಸುಳ್ಳಿರಲಾರದು” ಎಂದು ಬರೆಯಬೇಡಿ, ಅದು ನಿಮ್ಮ ತೀರ್ಪು. ಸಹಿ ಹಾಕಿ, ಲಕೋಟೆಯಲ್ಲಿಟ್ಟು ಬೀಗದೊಳಗೆ ಇಡಿ. ಮೆಂಟರ್ ಪುಸ್ತಕದಲ್ಲಂತೂ ಬೇಡವೇ ಬೇಡ ಮಾರಾಯ್ರೆ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂದಾಗ ಮೇಜಿನ ಮೇಲೆ ಹರಡುವುದು ಅದೇ ಪುಸ್ತಕವನ್ನು.

ಹೇಳಿಕೊಂಡದ್ದು ಬೇರೆ, ದೂರು ಬೇರೆ. 18 ದಾಟಿದವಳು ದೂರು ಬೇಡ ಎಂದರೆ ಅವಳ ಪರವಾಗಿ ನೀವು ಕೊಡುವ ಹಾಗಿಲ್ಲ. ಗೆಳತಿಯರೋ ಸಂಬಂಧಿಕರೋ ಕೊಡಬಹುದಾದದ್ದು ಅವಳಿಗೆ ದೈಹಿಕ ಅಥವಾ ಮಾನಸಿಕ ಅಶಕ್ತತೆ ಇದ್ದಾಗ, ಇಲ್ಲವೇ ಸಾವಾದಾಗ. ಆದರೆ ಗಡುವು ತಿಳಿಸಿಯೇ ಕಳಿಸಿ: ಘಟನೆಯಿಂದ 3 ತಿಂಗಳು, ಸರಣಿಯಾಗಿದ್ದರೆ ಕೊನೆಯ ಘಟನೆಯಿಂದ. ಸಮಿತಿ ಕಾರಣ ಬರೆದು ಇನ್ನೂ 3 ತಿಂಗಳು ವಿಸ್ತರಿಸಬಹುದು. ಕೊನೆಯ ದಿನಾಂಕವನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಒಳ್ಳೆಯದು. ಬರೆಯಲು ಕಷ್ಟವಾದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ ಎಂಬುದನ್ನೂ ಹೇಳಿ.

ಟಪಾಲು ಶಾಖೆ

ಗುಟ್ಟು ರಟ್ಟಾಗುವುದು ದುರುದ್ದೇಶದಿಂದ ಅಪರೂಪ, ಕಚೇರಿಯ ಅಭ್ಯಾಸದಿಂದಲೇ ಹೆಚ್ಚು.

ಆ ಕಾಯ್ದೆಯ 2013ರ ನಿಯಮದಂತೆ ದೂರಿನ ಆರು ಪ್ರತಿ ಬೇಕು. ಹುಡುಗಿ ಪೆನ್‌ಡ್ರೈವ್ ಹಿಡಿದು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗುತ್ತಾಳೆ. ಫೈಲು ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಸಂಜೆಯೊಳಗೆ ಎರಡು ಹಾಸ್ಟೆಲಿಗೆ ಗೊತ್ತಾಗುತ್ತದೆ. ಪ್ರತಿ ತೆಗೆಯುವ ಕೆಲಸ ಸಮಿತಿ ಅಧ್ಯಕ್ಷರ ಕೊಠಡಿಯಲ್ಲೇ ಆಗಲಿ.

ಟಪಾಲಿನಲ್ಲಿ ಬಂದರೆ “ವಿಷಯ” ಎಂಬ ಅಂಕಣದಲ್ಲಿ ಗುಮಾಸ್ತರು ಹೆಸರು ಸಮೇತ ಬರೆದುಬಿಡುತ್ತಾರೆ. ಸಮಿತಿ ಅಧ್ಯಕ್ಷರ ಹೆಸರಿಗೆ ಬಂದದ್ದನ್ನು ಒಡೆಯದೆ “ಮುಚ್ಚಿದ ಲಕೋಟೆ 1” ಎಂದಷ್ಟೇ ನಮೂದಿಸಲು ಲಿಖಿತ ಆದೇಶ ಬೇಕು. ಸಮಿತಿಗೆ ತನ್ನದೇ ದಾಖಲೆ ಪುಸ್ತಕ ಇರಲಿ, ಅದರಲ್ಲಿ ಪ್ರಕರಣ ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಎಂಬ ಹಾಳೆ ಬೇರೆ ಬೀಗದಲ್ಲಿ. ಸಮಿತಿಯ ಇಮೇಲ್ ಪಾಸ್‌ವರ್ಡ್ ಆಫೀಸಿನವರ ಹತ್ತಿರವೂ ಉಂಟಾ ಎಂದು ಒಮ್ಮೆ ಕೇಳಿ ನೋಡಿ. ಹೊರಗಿನ ಸದಸ್ಯರ ಪ್ರಯಾಣ ಭತ್ಯೆಯ ವೋಚರಿನಲ್ಲೂ ಸಂಖ್ಯೆ ಸಾಕು, ಲೆಕ್ಕ ಪರಿಶೋಧನೆಗೆ ಹೆಸರು ಬೇಕಿಲ್ಲ.

ಜವಾನರು ಕ್ಲಾಸಿಗೆ ಮೆಮೊ ತಂದು ಹೆಸರು ಕೂಗುವುದು, ವಿಚಾರಣೆಯ ದಿನ ಇಬ್ಬರನ್ನೂ ಒಂದೇ ವರಾಂಡದ ಬೆಂಚಿನಲ್ಲಿ ಕೂರಿಸುವುದು, ಇವೆರಡೂ ನಿಲ್ಲಬೇಕು. ಒಬ್ಬೊಬ್ಬರ ನಡುವೆ ಒಂದು ಗಂಟೆ ಅಂತರ ಇಡಿ.

ಸ್ಕ್ರೀನ್‌ಶಾಟನ್ನು ಮೆಂಟರ್ ಮೊಬೈಲಿಗೆ ಕಳಿಸಿಕೊಳ್ಳಬೇಡಿ. ಮೂಲ ಚಾಟ್ ಅವಳ ಫೋನಿನಲ್ಲೇ ಅಳಿಸದೆ ಇರಲಿ. ಖಾಸಗಿ ಚಿತ್ರಗಳಿದ್ದರಂತೂ ಮುಂದೆ ಕಳಿಸುವುದೇ ಐಟಿ ಕಾಯ್ದೆಯಡಿ ಅಪರಾಧವಾಗಬಹುದು.

ಮಣ್ಣಗುಡ್ಡ

ಮೇಲಿನದ್ದಕ್ಕೆ ಒಂದು ತಿದ್ದುಪಡಿಯಲ್ಲ, ಎಚ್ಚರಿಕೆ. ಗೌಪ್ಯ ಎಂದರೆ ಅನಾಮಧೇಯ ಅಲ್ಲ. ದೂರು ಕೊಟ್ಟ 7 ದಿನದೊಳಗೆ ಅದರ ಪ್ರತಿ ಎದುರಿನವರಿಗೆ ಹೋಗುತ್ತದೆ, ಅವರು 10 ದಿನದಲ್ಲಿ ಉತ್ತರಿಸುತ್ತಾರೆ. “ನಿನ್ನ ಹೆಸರು ಅವರಿಗೆ ಗೊತ್ತಾಗುವುದಿಲ್ಲ” ಎಂದು ಯಾರೋ ಸಮಾಧಾನಕ್ಕೆ ಹೇಳಿ, ಎಂಟನೇ ದಿನ ಅವಳು ದೂರು ಹಿಂದಕ್ಕೆ ತೆಗೆದುಕೊಳ್ಳುವುದು, ಇದು ಬೇಡ. ಸಹಿಯಿಲ್ಲದ ಪತ್ರದ ಮೇಲೆ ಒಬ್ಬರ ವಿರುದ್ಧ ವಿಚಾರಣೆ ನಡೆಸಲಾಗದು. ಆದರೆ ಪತ್ರದಲ್ಲಿ ಹೇಳಿದ ಲ್ಯಾಬಿನ ಬಾಗಿಲು ತೆರೆದಿಡಿ, ಸಂಜೆ ಆರರ ಮೇಲೆ ಒಬ್ಬರೇ ಇರಬಾರದು ಎಂಬಂಥ ಸಾಮಾನ್ಯ ಕ್ರಮ ತೆಗೆದುಕೊಳ್ಳಬಹುದು.

ಕಾಯ್ದೆಯ 16ನೇ ಕಲಮು ದೂರುದಾರರ ಜೊತೆ ಎದುರಿನವರ, ಸಾಕ್ಷಿಗಳ ಗುರುತನ್ನೂ ಕಾಪಾಡುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೂ ಇವು ಸಿಗುವುದಿಲ್ಲ. ವಿಚಾರಣೆಯ ಹೊಣೆ ಹೊತ್ತವರೇ ಬಾಯಿ ಬಿಟ್ಟರೆ ಅವರಿಗೆ ಸೇವಾ ನಿಯಮದಂತೆ ದಂಡನೆ, ಸೇವಾ ನಿಯಮ ಇಲ್ಲದಿದ್ದರೆ 5,000 ರೂಪಾಯಿ.

ವಿದ್ಯಾರ್ಥಿನಿಯ ಪರವಾಗಿ ಅವಸರ ಮಾಡುವುದೂ ಅವಳಿಗೇ ಕೆಡುಕು. ಗೋವಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸಮಿತಿ ಒಂದರ ಹಿಂದೆ ಒಂದು ಸಭೆ ನಡೆಸಿ, ಆರೋಪಿ ಅಧ್ಯಾಪಕರಿಗೆ ಸಾಕಷ್ಟು ಸಮಯ ಕೊಡದೆ ಮುಗಿಸಿತ್ತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಜಾ ಆದೇಶವನ್ನೇ ರದ್ದು ಮಾಡಿ ಮತ್ತೆ ವಿಚಾರಿಸಲು ಹೇಳಿತು. ದೂರು ಬಂದದ್ದು 2009ರಲ್ಲಿ! ವಿಚಾರಣೆಗೆ 90 ದಿನ ಕೊಟ್ಟಿರುವುದು ಬಳಸಲಿಕ್ಕೇ. ಎದುರಿನವರ ಪ್ರಶ್ನೆಗಳನ್ನು ಬರೆದು ತರಿಸಿ, ಅಧ್ಯಕ್ಷರ ಮೂಲಕ ಕೇಳಿಸಿ, ಇಬ್ಬರನ್ನು ಮುಖಾಮುಖಿ ಕೂರಿಸಬೇಕಿಲ್ಲ.

ಸಮಿತಿಯ ರಚನೆಯನ್ನೂ ನೋಡಿಕೊಳ್ಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ನಿಯಮಾವಳಿಯಂತೆ ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತ ಮೂವರು ವಿದ್ಯಾರ್ಥಿಗಳು ಬೇಕು, ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಮಹಿಳೆಯರು. ಆ ವಿದ್ಯಾರ್ಥಿ ಸದಸ್ಯರಿಂದ ಗೌಪ್ಯತೆಯ ಪ್ರಮಾಣಪತ್ರಕ್ಕೆ ಮೊದಲ ದಿನವೇ ಸಹಿ ಹಾಕಿಸಿ.

ಉಳ್ಳಾಲ ಸೇತುವೆ

ಜೆರಾಕ್ಸ್ ವಿಷಯ ಯಾರಿಗೂ ಹೊಳೆದಿರಲಿಲ್ಲ, ಧನ್ಯವಾದ. ಪಿಯು ಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು, “ಎಚ್‌ಒಡಿ ಇಬ್ಬರನ್ನೂ ಕರೆದು ಮಾತಾಡಿಸಿ ಮುಗಿಸಲಿ” ಎನ್ನುವವರಿಗೆ ಏನು ಹೇಳುವುದು?

ಕದ್ರಿ ಗುಡ್ಡೆ

18ರ ಕೆಳಗಿನವರದ್ದಾದರೆ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ. ಗೊತ್ತಾದವರು, ಅನುಮಾನ ಬಂದವರು ಕೂಡ ಪೊಲೀಸರಿಗೆ ತಿಳಿಸಲೇಬೇಕು (19ನೇ ಕಲಮು). ಮಕ್ಕಳ ಸಹಾಯವಾಣಿ 1098ರ ನೆರವೂ ಪಡೆಯಬಹುದು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. “ಪ್ರಿನ್ಸಿಪಾಲರಿಗೆ ಹೇಳಿದ್ದೆ” ಎಂದರೆ ಮೆಂಟರ್ ಹೊಣೆ ಇಳಿಯುವುದಿಲ್ಲ. ಪದವಿ ಮೊದಲ ವರ್ಷದಲ್ಲೂ 17ರ ಮಕ್ಕಳು ಇರುತ್ತಾರೆ, ಜನ್ಮ ದಿನಾಂಕ ನೋಡಿ.

ಪಂಚಾತಿಕೆಗೆ ಉತ್ತರ: ರಾಜಿಗೆ ದಾರಿ ಇರುವುದು ವಿಚಾರಣೆಗೆ ಮುಂಚೆ, ಅವಳಾಗಿ ಕೇಳಿದರೆ, ಸಮಿತಿಯ ಮೂಲಕ. ಹಣದ ಮಾತು ಅದರಲ್ಲಿ ಬರುವಂತಿಲ್ಲ. ಎಚ್‌ಒಡಿ ಚೇಂಬರಿನಲ್ಲಿ “ಸಾರಿ” ಹೇಳಿಸುವುದು ಇದ್ಯಾವುದೂ ಅಲ್ಲ. ಎಚ್‌ಒಡಿಗೆ ತಿಳಿಯಬೇಕಾದದ್ದು ವ್ಯವಸ್ಥೆ ಮಾತ್ರ: “ಈ ವಿದ್ಯಾರ್ಥಿನಿಯನ್ನು ಬಿ ಬ್ಯಾಚಿಗೆ ಹಾಕಿ.” ಕಾರಣ ಬೇಕಿಲ್ಲ.

ದೂರು ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ವಕೀಲರ ಸಲಹೆ ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ. ಸಮಿತಿಯ ಮುಂದೆ ಮಾತ್ರ ಎರಡೂ ಕಡೆಯವರಿಗೆ ವಕೀಲರನ್ನು ತರಲು ಅವಕಾಶವಿಲ್ಲ.

ಮಣ್ಣಗುಡ್ಡ

ಪಿಎಚ್‌ಡಿಯವರನ್ನು ಸೂಚನೆಯಲ್ಲಿ ಮರೆಯಬೇಡಿ, ಅವರ ಕಷ್ಟ ಬೇರೆ. ದೂರು ಗೈಡ್ ಮೇಲಾದರೆ ಫೆಲೋಶಿಪ್ ಬಿಲ್ಲಿಗೆ ಸಹಿ ಹಾಕುವವರೂ, ಸಂಶೋಧನಾ ಸಲಹಾ ಸಮಿತಿಯ ಸಂಚಾಲಕರೂ ಅವರೇ. ತನಿಖೆ ನಡೆಯುವಾಗ ಆರೋಪಿತರು ದೂರುದಾರರ ಕೆಲಸವನ್ನಾಗಲಿ ಪರೀಕ್ಷೆಯನ್ನಾಗಲಿ ಮೌಲ್ಯಮಾಪನ ಮಾಡದಂತೆ ತಡೆಯಲು ಯುಜಿಸಿ ನಿಯಮದಲ್ಲೇ ಅವಕಾಶ ಉಂಟು, ದೂರುದಾರರಿಗೆ 3 ತಿಂಗಳವರೆಗೆ ರಜೆಯೂ ಉಂಟು. ಆದರೆ ಆದೇಶದಲ್ಲಿ “ಸೂಕ್ತ ಕ್ರಮ ಕೈಗೊಳ್ಳುವುದು” ಎಂದಷ್ಟೇ ಬರೆದರೆ ಏನೂ ಆಗುವುದಿಲ್ಲ. ಇಂಥ ತಿಂಗಳಿನಿಂದ ಬಿಲ್ಲಿಗೆ ಯಾರ ಸಹಿ, ಪ್ರಗತಿ ವರದಿ ಯಾರಿಗೆ, ಲ್ಯಾಬಿನ ಕೀಲಿಕೈ ಯಾರ ಹತ್ತಿರ, ಸಂಶೋಧನೆಯ ಡೇಟಾ ಇರುವ ಕಂಪ್ಯೂಟರ್ ಯಾರ ವಶ, ಇಷ್ಟನ್ನೂ ಹುದ್ದೆ ಹೆಸರಿಸಿ ಬರೆಯಿಸಿ. ಡೇಟಾದ ನಕಲನ್ನು ಗೈಡಿಗೆ ನೋಟಿಸು ಹೋಗುವ ಮೊದಲೇ ತೆಗೆದಿಡಬೇಕು. ನೋಟಿಸು ತಲುಪಿದ ಸಂಜೆಯೇ ಪಾಸ್‌ವರ್ಡ್ ಬದಲಾದರೆ ಆಮೇಲೆ ಕೇಳುವುದು ಕಷ್ಟ.