ಧಾರಾವಾಹಿಯ ಕ್ಯಾಮೆರಾ ಯಾರ ಕಣ್ಣಿಂದ ನೋಡುತ್ತದೆ?

ಸಂಜೆಮಲ್ಲಿಗೆ:
ಎರಡು ವಾರ ಅಮ್ಮನ ಜೊತೆ ಕೂತು ಕನ್ನಡ ಧಾರಾವಾಹಿಗಳನ್ನು ನೋಡಿದೆ. ಕಥೆ ಬಿಟ್ಟು ಕ್ಯಾಮೆರಾ ಏನು ಮಾಡುತ್ತದೆ ಅಂತ ಗಮನಿಸಿದೆ. ನಾಯಕಿಯ ಮೊದಲ ದೃಶ್ಯದಲ್ಲಿ ಗೆಜ್ಜೆ, ಬಳೆ, ಜಡೆ, ಆಮೇಲೆ ಮುಖ. ನಾಯಕನದ್ದೂ ಕಾಲಿನಿಂದಲೇ ಶುರು, ಆದರೆ ಅದು ಕಾರಿನಿಂದ ಇಳಿಯುವ ಶೂ. ಅವನು ಸ್ಲೋ ಮೋಷನ್‌ನಲ್ಲಿ ನಡೆದು ಬರುತ್ತಾನೆ, ಆಫೀಸಿನವರೆಲ್ಲ ಎದ್ದು ನಿಲ್ಲುತ್ತಾರೆ. ಅವಳು ಸುಮ್ನೆ ನಿಂತಿರುತ್ತಾಳೆ, ಫ್ಯಾನ್ ಗಾಳಿಗೆ ಕೂದಲು ಹಾರುತ್ತದೆ. ಧಾರಾವಾಹಿ ಅಂದರೆ ಹೆಂಗಸರ ಕಥೆ ಅಂತಾರೆ. ಆದರೆ ಅವಳ ಕಣ್ಣಿಗೆ ಕಂಡದ್ದನ್ನು ನಮಗೆ ತೋರಿಸುವುದು ಎಷ್ಟು ಸಲ?

ಕಟ್ ರಘು:
ನಾನು ಆರು ವರ್ಷ ಧಾರಾವಾಹಿಗಳಲ್ಲಿ ಸಹಾಯಕ ನಿರ್ದೇಶಕನಾಗಿದ್ದೆ. ದಿನಕ್ಕೊಂದು ಎಪಿಸೋಡ್ ಮುಗಿಸಬೇಕು, ಜಾಹೀರಾತು ಬಿಟ್ಟರೆ ಸುಮಾರು 22 ನಿಮಿಷ. ವೈಡ್ ಶಾಟ್, ಅಂದರೆ ಎಲ್ಲರೂ ಕಾಣುವಂತೆ ದೂರದಿಂದ ಕ್ಯಾಮೆರಾ ಇಟ್ಟರೆ ಇಡೀ ಹಾಲ್‌ಗೆ ಲೈಟ್ ಮಾಡಬೇಕು, ಎಲ್ಲ ಕಲಾವಿದರೂ ಇರಬೇಕು. ಕ್ಲೋಸಪ್‌ಗೆ ಒಂದು ಮುಖ ಸಾಕು. ಅತ್ತೆ ಪಾತ್ರದವರು ಬೆಳಗ್ಗೆಯೇ ಶಾಟ್ ಮುಗಿಸಿ ಹೋಗಿರುತ್ತಾರೆ. ಸೊಸೆ ಸಂಜೆ ಗೋಡೆ ನೋಡಿಕೊಂಡು ಅಳುತ್ತಾಳೆ. ಎಡಿಟಿಂಗ್ ಆದಮೇಲೆ ಇಬ್ಬರೂ ಎದುರುಬದುರು. ಗಂಡು ಹೆಣ್ಣು ಅಂತ ಅಲ್ಲಿ ಯಾರೂ ಯೋಚಿಸುವುದಿಲ್ಲ.

ಸಂಜೆಮಲ್ಲಿಗೆ:
ಯೋಚಿಸುವುದಿಲ್ಲ ಅನ್ನುವುದೇ ನನಗೆ ಬೇಸರ, ರಘು ಸರ್. ಕಪಾಳಕ್ಕೆ ಹೊಡೆಯುವ ದೃಶ್ಯ ತಗೊಳ್ಳಿ. ಅವನು ಹೊಡೆಯುತ್ತಾನೆ, ಕೂಡಲೇ ಅವಳ ಕೆನ್ನೆ, ಅವಳ ಕಣ್ಣೀರು, ಆಮೇಲೆ ಮನೆಯವರ ಐದಾರು ಮುಖ. ಹೊಡೆತ ತಿಂದವಳಿಗೆ ಆ ಕ್ಷಣ ಅವನು ಹೇಗೆ ಕಂಡ? ಅದನ್ನು ತೋರಿಸಲೂ ಒಂದೇ ಮುಖ, ಒಂದೇ ಕ್ಲೋಸಪ್ ಸಾಕಲ್ವಾ?

ಗದಗಿನ ಪ್ರಭಾ:
ಲೇಡಿ ವಿಲನ್‌ನ ಮರೆತುಬಿಟ್ಟಿರಲ್ಲ ಅಕ್ಕಾ! ಮೆಟ್ಟಿಲ ಮೇಲೆ ನಿಂತಿರತಾಳ, ಕ್ಯಾಮೆರಾ ಕೆಳಗಿಂದ ಆಕೀನ್ನ ನೋಡತದ. ಆಕೀ ಒಬ್ಬಾಕಿನೇ ಇದ್ದಾಗ ಮನಸ್ಸಿನ ಮಾತು ನಮಗಷ್ಟ ಕೇಳಸತದ. ನಮ್ಮ ಅತ್ತಿಯವರು ಆಕೀ ಸಲುವಾಗಿನೇ ಟಿವಿ ಹಚ್ಚತಾರ. ಆದರ ಒಂದು ಮಾತು ಚುಚ್ಚತದ. ಆಸ್ತಿ ಕೇಳಾಕಿ, ಹಟ ಮಾಡಾಕಿ ಇದ್ದರಷ್ಟ ಹೆಣ್ಣಿಗೆ ಲೋ ಆಂಗಲ್. ಒಳ್ಳೇಕಿ ದೇವರ ಮನ್ಯಾಗ ಕೂತಿರತಾಳ, ಕ್ಯಾಮೆರಾ ಮ್ಯಾಲಿಂದ.

ಅನಿಕೇತ್:
ಸಂಜೆಮಲ್ಲಿಗೆ ಅವರ ಮಾತು ಕೇಳಿ ಬ್ರಿಟಿಷ್ ಸಿನಿಮಾ ಚಿಂತಕಿ ಲಾರಾ ಮಲ್ವಿ ನೆನಪಾದರು. 1975ರ ಪ್ರಬಂಧದಲ್ಲಿ ಅವರು ಹೇಳಿದ್ದೂ ಇದೇ: ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಆದರೆ ಅವರು ಬರೆದದ್ದು ಹಾಲಿವುಡ್ ಸಿನಿಮಾ ಬಗ್ಗೆ, ಕತ್ತಲೆಯ ಥಿಯೇಟರ್ ಬಗ್ಗೆ. ಧಾರಾವಾಹಿಯನ್ನು ಹುರುಳಿಕಾಯಿ ಬಿಡಿಸುತ್ತಾ ಜಾಸ್ತಿ ಹೆಂಗಸರೇ ನೋಡುತ್ತಾರೆ. ನಾಯಕಿಯ ಮುಖ ಓದಲು ಅವರಿಗೆ ಆ ಕ್ಲೋಸಪ್ ಬೇಕು. ಹಾಗಾಗಿ ಕ್ಲೋಸಪ್ಪನ್ನೇ ದೂರುವುದು ತಪ್ಪು. ಹೆಂಗಸರನ್ನು ಮಕ್ಕಳು ಹೆರಲೆಂದೇ ದಾಸಿಯರಾಗಿ ಇಟ್ಟುಕೊಳ್ಳುವ ಕಥೆಯ, 2017ರ ಅಮೆರಿಕನ್ ಸರಣಿ ‘ದ ಹ್ಯಾಂಡ್‌ಮೇಡ್ಸ್ ಟೇಲ್’ನ ಮೊದಲ ಮೂರು ಕಂತುಗಳನ್ನು ನಿರ್ದೇಶಿಸಿದ್ದು ರೀಡ್ ಮೊರಾನೊ. ಅವರು ಮೊದಲು ಛಾಯಾಗ್ರಾಹಕಿ. ಅಲ್ಲೂ ಅಂಥ ದಾಸಿಯ ಪಾತ್ರದ ನಟಿ ಎಲಿಸಬೆತ್ ಮಾಸ್ ಮುಖಕ್ಕೆ ತೀರಾ ಹತ್ತಿರ ಕ್ಯಾಮೆರಾ, ಹಿಂದೆಲ್ಲ ಮಸುಕು. ಆದರೆ ಅವಳ ಮನಸ್ಸಿನ ದನಿ ಕೇಳುತ್ತಿರುತ್ತದೆ, ಅಕ್ಕಪಕ್ಕ ಕಾಣದಂತೆ ಅವಳಿಗೆ ತೊಡಿಸಿದ ಬಿಳಿ ಟೋಪಿಯ ಒಳಗೆ ನಾವೂ ಇರುತ್ತೇವೆ. ಅವಳನ್ನು ಸಾಮಾನಿನಂತೆ ಬಳಸುವ ದೃಶ್ಯದಲ್ಲೂ ಕ್ಯಾಮೆರಾ ಅವಳ ಮುಖ ಬಿಟ್ಟು ಹೆಚ್ಚು ಅಲುಗುವುದಿಲ್ಲ. ಅದು ನೋಡಲು ಕಷ್ಟ, ಕಷ್ಟವಾಗಲೇಬೇಕು.

ಗದಗಿನ ಪ್ರಭಾ:
ಅಲ್ಲಿ ಆಕೀ ಏನ ವಿಚಾರ ಮಾಡತಾಳ ಅಂತ ಗೊತ್ತಾಗತದ. ನಮ್ಮ ನಾಯಕಿ ಅಳೋದಷ್ಟ ಕಾಣತದ.

ಕಟ್ ರಘು:
ಕಪಾಳಕ್ಕೆ ಹೊಡೆಯುವ ದೃಶ್ಯದ ಬಗ್ಗೆ ರಾತ್ರಿಯೆಲ್ಲ ಯೋಚಿಸಿದೆ. ಅಂಥವು ಎಷ್ಟೋ ತೆಗೆದಿದ್ದೇವೆ. ಅವಳ ಕಡೆಯಿಂದ ಒಂದನ್ನೂ ತೆಗೆದ ನೆನಪಿಲ್ಲ. ಸಮಯ, ಖರ್ಚಿನ ನೆಪ ಅಲ್ಲಿ ನಡೆಯುವುದಿಲ್ಲ, ಒಪ್ಪಿದೆ.

ಇನ್ನೊಂದು ಹೇಳಬೇಕು. ಒಮ್ಮೆ ನಾಯಕಿ ಮನೆ ಬಿಟ್ಟು ಹೋಗುವ ದೃಶ್ಯವಿತ್ತು. ಕ್ಯಾಮೆರಾಮನ್ ಗೇಟಿನ ಹೊರಗೆ ಕ್ಯಾಮೆರಾ ಇಟ್ಟರು. ಅವಳು ನಮ್ಮ ಕಡೆಗೇ ನಡೆದು ಬಂದಳು, ಹಿಂದೆ ಮನೆ ಸಣ್ಣದಾಗುತ್ತಾ ಹೋಯಿತು. ಒಂದೇ ಟೇಕ್, ಸೆಟ್‌ನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಚಾನೆಲ್‌ನವರು ರಿಯಾಕ್ಷನ್ ಶಾಟ್ ಎಲ್ಲಿ ಅಂತ ಕೇಳಿದರು. ಮರುದಿನ ಗಂಡ, ಅತ್ತೆ, ಮಾವ, ನಾದಿನಿ ಎಲ್ಲರ ಮುಖ ತೆಗೆದು ನಡುವೆ ಸೇರಿಸಿದೆವು. ಅವಳು ನಡೆದದ್ದು ನಾಲ್ಕು ಸೆಕೆಂಡ್ ಉಳಿಯಿತು.

ಸಂಜೆಮಲ್ಲಿಗೆ:
ಪೂರ್ತಿ ಶಾಟ್ ನಿಮ್ಮ ಹತ್ತಿರ ಇದೆಯಾ ಸರ್? ಅಮ್ಮನಿಗೆ ತೋರಿಸಬೇಕಿತ್ತು.