ಬೀಥೋವನ್‌ನ ಒಂಬತ್ತೂ ಸಿಂಫನಿಗಳು: ಯಾವ ಪೆಟ್ಟಿಗೆ ತರಲಿ?

ಹೊಸಕಿವಿ (ಪ್ರಶ್ನೆ):

ಅಣ್ಣ ಮನೆ ಬದಲಾಯಿಸುವಾಗ ತನ್ನ ಹಳೆಯ ಸಿಡಿ ಪ್ಲೇಯರನ್ನೂ ಎರಡು ಸ್ಪೀಕರ್‌ಗಳನ್ನೂ ನನ್ನ ತಲೆಗೆ ಕಟ್ಟಿ ಹೋದ. ಪ್ಲೇಯರಿನೊಳಗೆ ಒಂದು ಡಿಸ್ಕ್ ಉಳಿದುಬಿಟ್ಟಿತ್ತು: ಬೀಥೋವನ್‌ನ ಐದನೆಯ ಮತ್ತು ಏಳನೆಯ ಸಿಂಫನಿ (ವಾದ್ಯವೃಂದಕ್ಕೆಂದು ಹಲವು ಭಾಗಗಳಲ್ಲಿ ಬರೆದ ದೊಡ್ಡ ಕೃತಿ), ವಿಯೆನ್ನಾ ಫಿಲ್ಹಾರ್ಮೊನಿಕ್ ವಾದ್ಯವೃಂದ, ಕಂಡಕ್ಟರ್ ಕಾರ್ಲೋಸ್ ಕ್ಲೈಬರ್. ಐದನೆಯದರ ಮೊದಲ ನಾಲ್ಕು ಸ್ವರ ಎಲ್ಲರಂತೆ ನನಗೂ ಗೊತ್ತಿತ್ತು. ಅದರ ಹಿಂದೆ ಇನ್ನೂ ಅರ್ಧ ಗಂಟೆಯ ಸಂಗೀತವಿದೆ ಎಂಬುದು ಗೊತ್ತಿರಲಿಲ್ಲ. ಒಂದು ತಿಂಗಳಿಂದ ಅದೊಂದೇ ಡಿಸ್ಕ್ ತಿರುಗುತ್ತಿದೆ. ಬೇರೆ ಏನನ್ನಾದರೂ ತಂದು ಹಾಕು ಎಂದು ಮನೆಯವರು ಗೋಗರೆಯುತ್ತಿದ್ದಾರೆ.

ಒಂಬತ್ತನ್ನೂ ಒಟ್ಟಿಗೆ ತರಬೇಕೆಂದು ಹುಡುಕಹೋದರೆ ತಲೆ ಕೆಟ್ಟಿತು. ಕಂಡಕ್ಟರ್ ಕರಾಯನ್ ಒಬ್ಬರೇ ಬರ್ಲಿನ್ ಫಿಲ್ಹಾರ್ಮೊನಿಕ್ ಜೊತೆ 1960, 70, 80ರ ದಶಕಗಳಲ್ಲಿ ಒಂದೊಂದು ಸಲ ಒಂಬತ್ತನ್ನೂ ಧ್ವನಿಮುದ್ರಿಸಿದ್ದಾರೆ. ಅದಕ್ಕೂ ಮೊದಲು ಲಂಡನ್ನಿನ ಫಿಲ್ಹಾರ್ಮೋನಿಯಾ ಜೊತೆ ಇನ್ನೊಂದು ಸಲ. ಮಾಡಿದ್ದನ್ನೇ ನಾಲ್ಕು ಸಲ ಏಕೆ ಮಾಡಿದರು? ಒಬ್ಬರೇ ಕಂಡಕ್ಟರ್ ಇರುವ ಸೆಟ್ ಒಳ್ಳೆಯದೋ, ಬಿಡಿಬಿಡಿಯಾಗಿ ಆರಿಸಿಕೊಳ್ಳುವುದು ಒಳ್ಳೆಯದೋ? ಜೊತೆಗೆ ಬೀಥೋವನ್ನನಿಗಿಂತ ಹಿಂದಿನ ಸಂಯೋಜಕ ಹೇಡನ್‌ನ 104 ಸಿಂಫನಿಗಳ ಒಂದು ಪೆಟ್ಟಿಗೆಯ ಮೇಲೂ ಕಣ್ಣು ಬಿದ್ದಿದೆ. ಹುಚ್ಚುತನವೇ?

ಕೊನೆಯಸಾಲು:

ಕರಾಯನ್, 1961-62ರ ಧ್ವನಿಮುದ್ರಣ. ಬರ್ಲಿನ್ನಿನ ಒಂದು ಚರ್ಚಿನಲ್ಲಿ ನುಡಿಸಿದ್ದು, ಸದ್ದಿಗೆ ಮೈಯೂ ಇದೆ, ಬೆಳಕೂ ಇದೆ. ಅರವತ್ತು ವರ್ಷ ದಾಟಿದರೂ ಹಳತು ಅನ್ನಿಸುವುದಿಲ್ಲ. ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ.

ಹಳೆಪೆಟ್ಟಿಗೆ:

ಕಣ್ಣು ಮುಚ್ಚಿಕೊಳ್ಳಿ, ಅಡ್ಡಿಯಿಲ್ಲ. ಕಿವಿ ಮಾತ್ರ ತೆರೆದಿರಲಿ. ನನ್ನ ಹತ್ತಿರ ಬೀಥೋವನ್ ಸೆಟ್‌ಗಳೇ ಹನ್ನೊಂದಿವೆ. ಇದು ಹೆಮ್ಮೆಯಿಂದ ಹೇಳುವ ಮಾತಲ್ಲ. ಅವುಗಳಲ್ಲಿ ಪದೇ ಪದೇ ಕೈ ಹೋಗುವುದು ಮೂರಕ್ಕೆ.

ಸೆಟ್ ಪರೀಕ್ಷಿಸಲು ನಾನು ಐದನೆಯದನ್ನೋ ಒಂಬತ್ತನೆಯದನ್ನೋ ಹಾಕುವುದಿಲ್ಲ. ಅವುಗಳಿಗೆ ಎಂಥ ವಾದ್ಯವೃಂದವೂ ಸೊಂಟ ಕಟ್ಟಿ ನಿಲ್ಲುತ್ತದೆ. ನಾಲ್ಕನೆಯದನ್ನು ಹಾಕಿ. ಮೂರು ಮತ್ತು ಐದರ ನಡುವೆ ಸಿಕ್ಕಿಕೊಂಡ ಈ ಪಾಪದ ಮಗುವನ್ನು ಎಷ್ಟೋ ಮಂದಿ ಕಂಡಕ್ಟರ್‌ಗಳು ಲೆಕ್ಕ ಭರ್ತಿಗೆಂದು ನುಡಿಸಿ ಮುಗಿಸುತ್ತಾರೆ. ಶುರುವಿನಲ್ಲಿ ವಿಳಂಬದ ಒಂದು ಪೀಠಿಕೆ ಇದೆ, ಕತ್ತಲಲ್ಲಿ ಗೋಡೆ ತಡವುತ್ತ ನಡೆದ ಹಾಗೆ. ಆಮೇಲೆ ಬಾಗಿಲು ಒದ್ದು ತೆರೆದಂತೆ ದ್ರುತಗತಿ. ಕತ್ತಲು ನಿಜವಾಗಿದ್ದರೆ ಮಾತ್ರ ಆ ಬಾಗಿಲಿಗೆ ಬೆಲೆ. ಎರಡನೆಯ ಭಾಗದಲ್ಲಿ ಪಿಟೀಲುಗಳು ಶುರುಮಾಡಿದ ಕುಂಟು ನಡಿಗೆಯ ಲಯವೊಂದನ್ನು ಕೊನೆಯ ಹೊತ್ತಿಗೆ ಟಿಂಪನಿ, ಅಂದರೆ ನಗಾರಿಯಂಥ ವಾದ್ಯ, ಒಂಟಿಯಾಗಿ, ಬಹಳ ಮೆಲ್ಲಗೆ ನುಡಿಸುತ್ತದೆ. ಅದು ಕೇಳಿಸಿತೇ ನೋಡಿ. ಕಡೆಯ ಭಾಗದಲ್ಲಿ ಬಸೂನ್ (ಮಂದ್ರ ದನಿಯ ಊದುವ ವಾದ್ಯ) ವಾದಕನ ಉಸಿರು ಕಟ್ಟಿಸುವ ಒಂದು ಸಣ್ಣ ಓಟವಿದೆ. ಅದು ತಡಬಡಾಯಿಸಿದರೆ ನಾನು ಕ್ಷಮಿಸುತ್ತೇನೆ, ಪಿಟೀಲುಗಳ ಅಡಿಯಲ್ಲಿ ಮುಚ್ಚಿಹೋದರೆ ಕ್ಷಮಿಸುವುದಿಲ್ಲ. ನಾಲ್ಕನೆಯದನ್ನು ಪ್ರೀತಿಯಿಂದ ನುಡಿಸಿದವರು ಐದನೆಯದನ್ನು ಕೆಡಿಸಿದ್ದು ನನ್ನ ಅನುಭವದಲ್ಲಿ ಇಲ್ಲ.

ನಾಲ್ಕು ಸಲ ಏಕೆ ಎಂದಿರಿ. ತಂತ್ರ ಬದಲಾಯಿತು ಎನ್ನುವುದು ಅರ್ಧ ಉತ್ತರ: 50ರ ದಶಕದ್ದು ಬಹುಪಾಲು ಮೋನೋ, 60ರದು ಸ್ಟೀರಿಯೋ, 80ರದು ಡಿಜಿಟಲ್. ಉಳಿದರ್ಧ, ಮಾರಾಟವಾಗುತ್ತಿತ್ತು. ಡಿಜಿಟಲ್ ಎಂದ ಮಾತ್ರಕ್ಕೆ ಮೇಲಲ್ಲ. ಆ ಕಾಲದ ಕೆಲವು ಧ್ವನಿಮುದ್ರಣಗಳಲ್ಲಿ ಪಿಟೀಲು ತಗಡಿನ ಮೇಲೆ ಮೊಳೆ ಗೀಚಿದಂತೆ ಕೇಳುತ್ತದೆ.

ಒಬ್ಬರದೇ ಸೆಟ್ಟೋ ಬಿಡಿಯೋ ಎಂಬುದಕ್ಕೆ, ಮೊದಲು ಒಬ್ಬರದು ಎನ್ನುತ್ತೇನೆ. ಒಬ್ಬರ ಸ್ವಭಾವ ಪರಿಚಯವಾದರೆ ತಾನೇ ಇನ್ನೊಬ್ಬರದು ಬೇರೆ ಎಂದು ತಿಳಿಯುವುದು? ನಿಮ್ಮ ಕ್ಲೈಬರ್ ಒಂಬತ್ತನ್ನೂ ಧ್ವನಿಮುದ್ರಿಸಲಿಲ್ಲ, ಆ ಡಿಸ್ಕನ್ನು ಕಳೆದುಕೊಳ್ಳಬೇಡಿ. ನನ್ನ ಆಯ್ಕೆ ಜಾರ್ಜ್ ಸೆಲ್ ಮತ್ತು ಕ್ಲೀವ್‌ಲ್ಯಾಂಡ್ ವಾದ್ಯವೃಂದ, 1957ರಿಂದ 64ರ ನಡುವಿನದು. ಸೆಲ್ ಕೈಯಲ್ಲಿ ಅಷ್ಟೂ ಜನ ನಾಲ್ಕೇ ಜನರಂತೆ ನುಡಿಸುತ್ತಾರೆ. ಒಣಕಲು ಎನ್ನುವವರಿದ್ದಾರೆ. ನನಗೆ ಆ ಒಣಕಲೇ ಇಷ್ಟ.

ಇನ್ನು ಸಂಗೀತಕ್ಕೆ ಸಂಬಂಧವಿಲ್ಲದ, ಆದರೆ ನನ್ನನ್ನು ಅತ್ತುಬಿಡುವಂತೆ ಮಾಡಿದ ವಿಷಯ. 80ರ ದಶಕದ ದಪ್ಪ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಡಿಸ್ಕ್ ಅಲುಗಾಡದಿರಲೆಂದು ತೆಳುವಾದ ಸ್ಪಂಜಿನ ಹಾಳೆ ಇಡುತ್ತಿದ್ದರು. ನನ್ನ ಒಂದು ಸೆಟ್ಟನ್ನು ಎಂಟು ವರ್ಷ ತೆಗೆದಿರಲಿಲ್ಲ. ತೆಗೆದಾಗ ಸ್ಪಂಜು ಜಿನುಗು ಬೆಲ್ಲದ ಹಾಗೆ ಕರಗಿ ಡಿಸ್ಕಿನ ಹೆಸರು ಅಚ್ಚಾದ ಮೇಲಿನ ಬದಿಗೆ ಅಂಟಿತ್ತು. ಉಗುರಿನಿಂದ ಎಬ್ಬಿದೆ. ಅದರ ಜೊತೆ ಬೆಳ್ಳಿ ಬಣ್ಣದ ಪದರವೂ ಎದ್ದುಬಂತು. ಕೆಳಗಿನ ಬದಿಯ ಗೀರನ್ನು ಉಜ್ಜಿ ಸರಿಪಡಿಸಬಹುದು. ಮೇಲಿನ ಬದಿಯಲ್ಲಿ ಆ ಪದರಕ್ಕೆ ಇರುವ ರಕ್ಷಣೆ ಒಂದು ಲೇಪ ಬಣ್ಣ ಮಾತ್ರ, ಅಲ್ಲಿ ಹೋದರೆ ಹೋಯಿತು. ಒಂಬತ್ತನೆಯದರಲ್ಲಿ ಗಾಯಕ ‘ಓ ಗೆಳೆಯರೇ’ ಎಂದು ಎದ್ದುನಿಂತವನು ಇಂದಿಗೂ ‘ಓ, ಓ, ಓ’ ಎನ್ನುತ್ತಲೇ ಇದ್ದಾನೆ. ಬಳಸಿದ ಸೆಟ್ ಕೊಳ್ಳುವುದಾದರೆ ಸ್ಪಂಜು ಇದೆಯೇ ಎಂದು ಮೊದಲು ಕೇಳಿ.

ಎರಡನೆಯದು, ಹಂಚಿಕೆ. ಒಂದು ಸಿಂಫನಿಯನ್ನು ಎರಡು ಡಿಸ್ಕಿಗೆ ಸೀಳಿರುವ ಸೆಟ್‌ಗಳಿವೆ. ಮಾಲರ್‌ನ ಮೂರನೆಯ ಸಿಂಫನಿಗೆ ಬೇರೆ ದಾರಿಯಿಲ್ಲ, ಒಂದು ಡಿಸ್ಕಿನಲ್ಲಿ ಅದು ಹಿಡಿಯುವುದಿಲ್ಲ. ಬೀಥೋವನ್‌ಗೆ ಆ ಗತಿ ಬರಬೇಕಾಗಿಲ್ಲ. ನನ್ನ ಒಂದು ಬೀಥೋವನ್ ಸೆಟ್ಟಿನಲ್ಲಿ ಮೂರನೆಯದರ ಎರಡನೆಯ ಭಾಗ, ಆ ಶವಯಾತ್ರೆಯ ನಡೆ, ಮುಗಿದ ಕೂಡಲೇ ಎದ್ದುಹೋಗಿ ಡಿಸ್ಕ್ ಬದಲಿಸಬೇಕು. ಹೊರಗೆ ಮಖಮಲ್ಲಿನ ಪೆಟ್ಟಿಗೆ, ಇಟ್ಟಿಗೆಯಷ್ಟು ದಪ್ಪದ ಪುಸ್ತಕ, ಒಳಗೆ ಈ ಅವಸ್ಥೆ. ಮೂಗಿಗಿಂತ ಮೂಗುತಿ ಭಾರ.

ಗರುಡಗಂಬ:

ಹಳೆಪೆಟ್ಟಿಗೆಯವರ ಸ್ಪಂಜಿನ ಕಥೆಗೆ ನನ್ನ ಸಂತಾಪ. ಸೆಲ್ ವಿಷಯದಲ್ಲಿ ಮಾತ್ರ ಒಪ್ಪಲಾರೆ. ಬೀಥೋವನ್ 1817ರಲ್ಲಿ ತನ್ನ ಮೊದಲ ಎಂಟು ಸಿಂಫನಿಗಳಿಗೆ ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ಅಳೆಯುವ ಯಂತ್ರ) ಗತಿಗಳನ್ನು ತಾನೇ ಪ್ರಕಟಿಸಿದ. ಅವನ್ನು ತೀರ ವೇಗ, ಮೆಟ್ರೊನೋಮೇ ಕೆಟ್ಟಿತ್ತು ಎಂದು ತಳ್ಳಿಹಾಕಿದವರೇ ಹೆಚ್ಚು. ಜಾನ್ ಎಲಿಯಟ್ ಗಾರ್ಡಿನರ್ 1990ರ ದಶಕದಲ್ಲಿ ಆ ಗತಿಗಳಿಗೆ ಹತ್ತಿರವಾಗಿ, ಬೀಥೋವನ್ ಕಾಲದ ಮಾದರಿಯ ವಾದ್ಯಗಳಿಂದ ಮಾಡಿದ ಸೆಟ್ ಕೇಳಿ. ಕರುಳಿನ ತಂತಿಯ ಪಿಟೀಲು, ಕವಾಟವಿಲ್ಲದ ಹಾರ್ನ್, ಗಟ್ಟಿ ಕಡ್ಡಿಯ ಟಿಂಪನಿ. ಹಾರ್ನ್ ವಾದಕ ಕಷ್ಟಪಡುತ್ತಿರುವುದು ಕೇಳಿಸುತ್ತದೆ, ಕೇಳಿಸಬೇಕು ಕೂಡ. ಮತ್ತೆ ಮರುನುಡಿಕೆ. ಮೂರನೆಯದರ ಮೊದಲ ಭಾಗದ ಆರಂಭವನ್ನು ಇನ್ನೊಮ್ಮೆ ನುಡಿಸಿ ಎಂದು ಬರೆದಿದ್ದರೂ ಹಳೆಯ ದೊಡ್ಡವರಲ್ಲಿ ಅನೇಕರು ಬಿಟ್ಟುಬಿಡುತ್ತಾರೆ. ಪೆಟ್ಟಿಗೆಯ ಹಿಂಬದಿಯಲ್ಲಿ ಆ ಭಾಗಕ್ಕೆ 14 ನಿಮಿಷ ಎಂದಿದ್ದರೆ ಬಿಟ್ಟಿದ್ದಾರೆ, 17ರ ಆಚೀಚೆ ಇದ್ದರೆ ನುಡಿಸಿದ್ದಾರೆ ಎಂದು ಸ್ಥೂಲವಾಗಿ ಹೇಳಬಹುದು.

ಹಳೆಪೆಟ್ಟಿಗೆ:

ಮರುನುಡಿಕೆಯ ಮಾತು ಸರಿ. ಪದೇ ಪದೇ ನನ್ನ ಕೈ ಹೋಗುವ ಆ ಮೂರು ಸೆಟ್‌ಗಳಲ್ಲಿ ಗಾರ್ಡಿನರ್ ಒಂದು ಎಂದರೆ ನಂಬುತ್ತೀರಾ? ಆದರೆ ಮೊದಲ ಸೆಟ್ಟಾಗಿ ಕೊಡಲು ಮನಸ್ಸಾಗುವುದಿಲ್ಲ, ನಿಧಾನದ ಭಾಗಗಳಲ್ಲಿ ಬಸ್ಸು ತಪ್ಪಿಹೋಗುವ ಆತುರ. ನಡುವಿನ ದಾರಿ ಬೇಕಿದ್ದರೆ ನಿಕೋಲಸ್ ಹಾರ್ನನ್‌ಕೋರ್ಟ್, ಯೂರೋಪ್ ಛೇಂಬರ್ ಆರ್ಕೆಸ್ಟ್ರಾ, 1990ರ ಆಸುಪಾಸಿನದು. ವಾದ್ಯಗಳು ಇಂದಿನವು, ಟ್ರಂಪೆಟ್ ಮಾತ್ರ ಹಳೆಯ ಬಗೆಯದು.

ಹೇಡನ್ ಬಗ್ಗೆ ಯಾರೂ ಹೇಳಲಿಲ್ಲ. 104ನ್ನೂ ಒಬ್ಬರೇ ಮಾಡಿದ ಎರಡು ಸೆಟ್ ಪ್ರಸಿದ್ಧ, ಎರಡೂ 33 ಡಿಸ್ಕು. ಅಂತಲ್ ದೊರಾತಿಯವರದು 1969ರಿಂದ 70ರ ದಶಕದ ಆರಂಭದವರೆಗಿನದು. ಅದನ್ನು ನುಡಿಸಿದ್ದು 1956ರಲ್ಲಿ ಹಂಗೇರಿ ಬಿಟ್ಟುಬಂದ ವಾದಕರು ಕಟ್ಟಿದ ವೃಂದ. ಆಡಮ್ ಫಿಷರ್ ಅವರದು 1987ರಿಂದ 2001ರವರೆಗೆ, ಹೇಡನ್ ಚಾಕರಿ ಮಾಡಿದ ಎಸ್ಟರ್‌ಹಾಜಿ ಮನೆತನದ ಐಸೆನ್‌ಸ್ಟಾಟ್ ಅರಮನೆಯ ಸಭಾಂಗಣದಲ್ಲಿ ನುಡಿಸಿದ್ದು. ನಾನು ದೊರಾತಿಯನ್ನು ತಂದು ಒಂದರಿಂದ ಶುರುಮಾಡಿ 22ರ ಹೊತ್ತಿಗೆ ಸುಸ್ತಾದೆ. ಅಂಕಿಯ ಕ್ರಮ ರಚನೆಯ ಕ್ರಮವೂ ಅಲ್ಲ: 72ನೆಯದನ್ನು ಆತ 1760ರ ದಶಕದಲ್ಲಿಯೇ ಬರೆದಿದ್ದ. ಬೆಳಗು, ಮಧ್ಯಾಹ್ನ, ಸಂಜೆ ಎಂಬ ಹೆಸರಿನ 6, 7, 8 ಇರುವ ಒಂದು ಡಿಸ್ಕ್ ಮೊದಲು ತನ್ನಿ. ಅದರಲ್ಲಿ ವೃಂದದ ಒಬ್ಬೊಬ್ಬನಿಗೂ ಸರದಿ ಸಿಗುತ್ತದೆ. ಆಮೇಲೆ 93ರಿಂದ 104, ಲಂಡನ್ನಿನ ಹನ್ನೆರಡು. ಆಗಲೂ ಹಸಿವಿದ್ದರೆ ಪೆಟ್ಟಿಗೆ.

ಹೊಸಕಿವಿ:

ನಾಲ್ಕನೆಯದರ ಪೀಠಿಕೆಯನ್ನು ನಾಲ್ಕು ಸೆಟ್‌ಗಳಿಂದ ಆರಿಸಿ ಒಂದಾದ ಮೇಲೊಂದು ಕೇಳಿದೆ. ಗಾರ್ಡಿನರ್ ಬಾಗಿಲು ಒದ್ದದ್ದು ಎಲ್ಲರಿಗಿಂತ ಜೋರು, ಆದರೆ ಕತ್ತಲು ಸಾಲದು ಅನ್ನಿಸಿತು. ಕರಾಯನ್‌ನಲ್ಲಿ ಬಸೂನ್ ಹುಡುಕಬೇಕಾಯಿತು. ಸೆಲ್ ಶುರುವಾದಾಗ ಮನೆಯವರು ಒಳಗಿನಿಂದ ಬಂದು ಇದು ಯಾವುದು ಎಂದು ಕೇಳಿದರು. ತಿಂಗಳಿಂದ ಅವರು ಹಾಗೆ ಕೇಳಿದ್ದೇ ಇಲ್ಲ. ಸೆಲ್ ಬರುತ್ತಿದ್ದಾರೆ. ಹಾರ್ನನ್‌ಕೋರ್ಟ್ ಎರಡನೆಯ ಸರದಿಗೆ.

ಒಂದು ಅನುಮಾನ. ಡಿಸ್ಕುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ ಐದನೆಯದರ ಮೂರು ಮತ್ತು ನಾಲ್ಕನೆಯ ಭಾಗಗಳ ನಡುವೆ ಒಂದು ಸಣ್ಣ ತಡೆ ಬರುತ್ತದೆ. ಡಿಸ್ಕಿನಲ್ಲಿ ಹಾಗಿಲ್ಲ.

ಹಳೆಪೆಟ್ಟಿಗೆ:

ಆ ಎರಡು ಭಾಗಗಳ ನಡುವೆ ಬಿಡುವೇ ಇಲ್ಲ, ಸದ್ದು ಹಾಗೆಯೇ ಏರುತ್ತ ಹೋಗಿ ಒಡೆಯಬೇಕು. ಆರನೆಯದರ ಕೊನೆಯ ಮೂರು ಭಾಗಗಳೂ ಹೀಗೆಯೇ. ನುಡಿಸುವ ತಂತ್ರಾಂಶದಲ್ಲಿ ಗ್ಯಾಪ್‌ಲೆಸ್ ಎಂಬ ಆಯ್ಕೆ ಇರುತ್ತದೆ, ಚಾಲೂ ಮಾಡಿ. ಎಂಪಿ3 ಬದಲು ಫ್ಲ್ಯಾಕ್ (ಸದ್ದಿನಲ್ಲಿ ಏನನ್ನೂ ಕಳೆಯದ ಕಡತ) ರೂಪದಲ್ಲಿ ಇಳಿಸಿಕೊಳ್ಳಿ. ಆಗಲೂ ತಡೆ ಬಂದರೆ ಎರಡನ್ನೂ ಸೇರಿಸಿ ಒಂದೇ ಕಡತ ಮಾಡಿಬಿಡಿ, ನಾನು ಮಾಡಿರುವುದು ಅದನ್ನೇ.